ಒಂಬತ್ತಕ್ಕೆ ಜಾಗವಿಲ್ಲ

ಕಳೆದ ಭಾನುವಾರ ಬೆಳಗಾವಿ ಸ್ಟೇಷನ್ನಿನ ಬೆಂಚಿನ ಮೇಲೆ ಕೂತು, ಆಗಷ್ಟೇ ಕೊಂಡ ಪೇಪರಿಗೆ ನಾನು ರಬ್ಬರಿನಿಂದ ತೂತು ಹಾಕಿದೆ.

ಸುಡೊಕು ಮಾಡುತ್ತಿದ್ದೆ. ಸುಡೊಕು ಗೊತ್ತಲ್ಲ? ಅಡ್ಡಕ್ಕೆ ಒಂಬತ್ತು ಮನೆ, ಉದ್ದಕ್ಕೆ ಒಂಬತ್ತು ಮನೆ. ಪ್ರತಿ ಅಡ್ಡಸಾಲಿನಲ್ಲಿ, ಪ್ರತಿ ಕಂಬಸಾಲಿನಲ್ಲಿ, ಒಳಗಿನ ಪ್ರತಿ ಸಣ್ಣ ಚೌಕದಲ್ಲಿ ಒಂದರಿಂದ ಒಂಬತ್ತರವರೆಗಿನ ಅಂಕಿಗಳು ಒಂದೊಂದೇ ಸಲ ಬರಬೇಕು. ಕೆಲವನ್ನು ಪೇಪರಿನವರೇ ತುಂಬಿಕೊಟ್ಟಿರುತ್ತಾರೆ. ಮಿಕ್ಕಿದ್ದು ನಮ್ಮ ಹಣೆಬರಹ. ಅದರಲ್ಲೂ ಭಾನುವಾರದ್ದು ಐದು ಸ್ಟಾರಿನದು, ವಾರದಲ್ಲೇ ಕಠಿಣವಾದದ್ದು.

ನನ್ನ ವಿಧಾನ ಸರಳ. ಎರಡರಲ್ಲಿ ಯಾವುದೆಂದು ತಿಳಿಯದಿದ್ದರೆ ಒಂದನ್ನು ಬರೆದುಬಿಡುವುದು, ಕೆಟ್ಟರೆ ಅಳಿಸುವುದು. (ಮದುವೆಯನ್ನೂ ಹೀಗೇ ಮಾಡಿಕೊಂಡೆಯಾ ಎಂದು ನನ್ನ ಗಂಡ ಕೇಳುತ್ತಾರೆ. ಅಳಿಸಲು ಬಂದಿದ್ದರೆ ಆವಾಗ ನೋಡುತ್ತಿದ್ದರು.)

ಪಕ್ಕದಲ್ಲಿ ಕೂತಿದ್ದವರು ನನ್ನ ಮಾವ, ಗಂಡನ ತಂದೆ. ಖಾನಾಪುರದವರು. ಘಟ್ಟದ ಲೈನಿನ ಸಣ್ಣಪುಟ್ಟ ಸ್ಟೇಷನ್ನುಗಳಲ್ಲಿ ಸ್ಟೇಷನ್ ಮಾಸ್ತರರಾಗಿ ಸೇವೆ ಮುಗಿಸಿ ಈಗ ನಮ್ಮ ಜೊತೆ ಬೆಳಗಾವಿಯಲ್ಲಿದ್ದಾರೆ. ಮಾತು ಕನ್ನಡ, ಪೇಪರು ಮರಾಠಿ, ಸಿಟ್ಟು ಬಂದರೆ ಎರಡೂ. ಬೆಳಗಿನ ಚಹಾದ ಜೊತೆ ಮರಾಠಿ ಪೇಪರಿನ ಸುಡೊಕುವನ್ನು ಪೆನ್ನಿನಲ್ಲಿ ತುಂಬುವುದು ಅವರ ಪೂಜೆ. ಹೌದು, ಪೆನ್ನಿನಲ್ಲಿ. ಆ ಮನೆಗೆ ರಬ್ಬರು ತಂದವಳು ನಾನೇ.

ಆ ಪೂಜೆ ಈ ಬೇಸಿಗೆಯಲ್ಲಿ ನಿಂತಿತು. ಎರಡೂ ಕಣ್ಣಿನ ಪರದೆಯ ನಡುಭಾಗ ಸವೆದುಹೋಗಿದೆ, ಹೋದ ದೃಷ್ಟಿ ಇನ್ನು ಬರುವುದಿಲ್ಲ ಎಂದು ಡಾಕ್ಟರು ಹೇಳಿದರು. ವಿಚಿತ್ರ ಕಾಯಿಲೆ. ಸುತ್ತಲಿನದು ಕಾಣುತ್ತದೆ, ನೋಡಬೇಕೆಂದದ್ದೇ ಕಾಣುವುದಿಲ್ಲ. ನನ್ನ ಮುಖ ನೋಡಬೇಕಾದರೆ ಅವರು ನನ್ನ ಕಿವಿಯಾಚೆಗೆ ನೋಡುತ್ತಾರೆ. ಅಕ್ಷರವಂತೂ ಇಲ್ಲವೇ ಇಲ್ಲ.

ಅಷ್ಟನ್ನೂ ಕೇಳಿಸಿಕೊಂಡು ಮಾವ ಡಾಕ್ಟರಿಗೆ ಒಂದೇ ಪ್ರಶ್ನೆ ಹಾಕಿದ್ದರು.

"ಕಣ್ಣ ಹೋದ್ರ ಹೋಗ್ಲಿ. ತಲಿ ಉಳೀತೈತೇನ್ರಿ?"

ಡಾಕ್ಟರು ತಮಾಷೆಯೆಂದುಕೊಂಡು ನಕ್ಕರು. ಅದು ತಮಾಷೆಯಾಗಿರಲಿಲ್ಲ. ಮಾವನ ಅಣ್ಣನಿಗೆ ಮೊದಲು ಕಣ್ಣು ಮಂಜಾಗಿ, ಆಮೇಲೆ ಮಕ್ಕಳ ಹೆಸರು ಮರೆತು, ಕೊನೆಗೆ ಮನೆಯ ದಾರಿಯೇ ತಪ್ಪಿತ್ತು. ಕಣ್ಣಿಗೂ ಮರೆವಿಗೂ ಸಂಬಂಧವಿಲ್ಲ, ನಿಮ್ಮದು ಬೇರೆ ಎಂದು ಡಾಕ್ಟರು ಬಿಡಿಸಿ ಹೇಳಿದರು. ಭಯ ಅಂಥ ಮಾತು ಕೇಳುತ್ತದೆಯೇ? ಮರುದಿನ ಬೆಳಿಗ್ಗೆ ಮಾವ "ಪೇಪರ್ ಬಂದ್ ಮಾಡ್ರಿ" ಅಂದರು. ಓದಿ ಹೇಳುತ್ತೇವೆ ಎಂದರೂ ಬೇಡವೆಂದರು. ಸುಡೊಕು ಮಾಡಲಾಗದ ಬೇಸರ ಎಂದುಕೊಂಡೆವು. ಅದು ಬೇಸರವಲ್ಲ. ಮಾಡಿ ನೋಡಿದರೆ, ತಲೆ ಉಳಿದಿಲ್ಲ ಅಂತ ಗೊತ್ತಾಗಿಬಿಟ್ಟರೆ?

ಭಾನುವಾರ ನಾವು ಹೊರಟಿದ್ದು ಖಾನಾಪುರದಲ್ಲಿರುವ ಅವರ ಅಕ್ಕನಿಗೆ ಈ ಸುದ್ದಿ ಹೇಳಲು. ಇಷ್ಟು ದಿನ ಒಬ್ಬರೇ ಹೋಗಿಬರುತ್ತಿದ್ದವರು. ಈ ಸಲ ಕಾವಲಿಗೆ ಸೊಸೆ. ತೊಡೆಯ ಮೇಲೆ ಅಕ್ಕನಿಗೆಂದು ತಂದ ಕುಂದಾದ ಡಬ್ಬಿ ಇಟ್ಟುಕೊಂಡು ಮಾತಿಲ್ಲದೆ ಕೂತಿದ್ದರು. ರೈಲು ಲೇಟು. ಹೊತ್ತು ಹೋಗದೆ ನಾನು ಅಂಗಡಿಯಲ್ಲಿ ಅವರದೇ ಮರಾಠಿ ಪೇಪರು ಕೊಂಡಿದ್ದೆ. ಮರಾಠಿ ಅಂಕಿಗಳು ನನಗೆ ಬರುತ್ತವೆ. ದಾವಣಗೆರೆಯಿಂದ ಈ ಮನೆಗೆ ಬಂದಾಗಿನಿಂದ ಅಡುಗೆಮನೆಯ ಗೋಡೆಯಲ್ಲಿ ಮರಾಠಿ ಕ್ಯಾಲೆಂಡರನ್ನೇ ನೋಡಿದ್ದೇನೆ.

"ಎಷ್ಟ ಉಜ್ಜತಿಯವಾ ಅದನ್ನ?"

ಎಷ್ಟೋ ಹೊತ್ತಿನ ಮೇಲೆ ಮಾವ ಆಡಿದ ಮೊದಲ ಮಾತು ಅದು.

"ಸುಡೊಕು ರೀ ಮಾವಾರ. ಒಂದು ತಪ್ಪಾಯ್ತು."

"ಅಂದಾಜ ಹಾಕಿರಬೇಕು. ಅಂದಾಜಿನ ಮ್ಯಾಲೆ ಯಾರರೆ ಗಾಡಿ ಬಿಡ್ತಾರೇನು?"

ಮಾವ ಪ್ಲಾಟ್‌ಫಾರ್ಮಿನ ಗದ್ದಲವನ್ನು ಸ್ವಲ್ಪ ಹೊತ್ತು ಕೇಳಿಸಿಕೊಂಡು, ಕುಂದಾದ ಡಬ್ಬಿಯನ್ನು ಪಕ್ಕಕ್ಕಿಟ್ಟು, "ಓದು ಹಂಗಾರ. ನೀ ಹಾಕಿದ್ದು ಬಿಟ್ಟು ಓದು" ಅಂದರು.

ಅಡ್ಡಸಾಲು ಒಂದೊಂದಾಗಿ ಓದಿದೆ. ಖಾಲಿ, ಖಾಲಿ, ಆರು, ಖಾಲಿ. ಒಂದು ಸಾಲು ಮುಗಿದ ಕೂಡಲೇ ಅವರು ಅದನ್ನು ತಿರುಗಿ ಹೇಳುವರು. ನಾನು "ಸರಿ" ಎಂದ ಮೇಲೆಯೇ ಮುಂದಿನದು. ಇದು ರೈಲ್ವೆಯ ರೂಢಿಯಂತೆ. ಆಚೆ ಸ್ಟೇಷನ್ನಿನವರು ಫೋನಿನಲ್ಲಿ ಹೇಳಿದ್ದನ್ನು ಈಚೆಯವರು ತಿರುಗಿ ಹೇಳಿ, ಅದು ಸರಿಯೆಂದು ಗಟ್ಟಿಯಾದ ಮೇಲೆಯೇ ರೈಲು ಬಿಡುವುದು. ಕೊನೆಯ ಸಾಲಿಗೆ ಬರುವಷ್ಟರಲ್ಲಿ ನಮ್ಮ ರೈಲೇ ಬಂತು. ಬ್ಯಾಗು ಹೆಗಲಿಗೇರಿಸಿ, ಮಾವನ ಮೊಣಕೈ ಹಿಡಿದು, ನುಗ್ಗುವವರ ನಡುವೆ ಅದನ್ನೂ ಓದಿದೆ. ಹತ್ತುತ್ತಲೇ ಅವರು ತಿರುಗಿ ಹೇಳಿದರು. ಸೀಟು ಹುಡುಕುತ್ತಲೇ ನಾನು "ಸರಿ ಸರಿ" ಅಂದೆ.

ಆಮೇಲೆ ನಡೆದದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಇಲ್ಲದಿದ್ದರೆ ನಂಬುತ್ತಿರಲಿಲ್ಲ.

ಮಾವ ಕಣ್ಣು ಮುಚ್ಚಿಕೊಂಡರು. ಎಡಗೈ ಬಿಚ್ಚಿ, ಹೆಬ್ಬೆರಳನ್ನು ಮೂರು ಬೆರಳುಗಳ ಗೆಣ್ಣಿನ ಮೇಲೆ ಆಡಿಸತೊಡಗಿದರು. ಎದುರಿನ ಸೀಟಿನ ಹೆಂಗಸು ಜಪವೆಂದುಕೊಂಡು ಮಾತು ತಗ್ಗಿಸಿದಳು. ಒಂದೊಂದು ಬೆರಳಿಗೆ ಮೂರು ಗೆಣ್ಣು. ಮೂರು ಬೆರಳಿಗೆ ಒಂಬತ್ತು. ಸುಡೊಕುವಿನ ಒಂದು ಚೌಕ ಅವರ ಅಂಗೈಯಲ್ಲೇ ಇತ್ತು. ಒಂದು ಮುಗಿದರೆ ಅದೇ ಬೆರಳುಗಳ ಮೇಲೆ ಇನ್ನೊಂದು ಚೌಕ.

"ನಡುವಿನ ಚೌಕ. ಮ್ಯಾಲಿನ ಎಡಗಡೆ ಮನಿ, ನಾಕು. ಬರಕೋ."

ಬರೆದುಕೊಂಡೆ. ಇನ್ನೊಂದು ಹೇಳಿದರು. ಮತ್ತೊಂದು. ಒಂದು ಕಡೆ ನಿಂತರು.

"ಈ ಚೌಕದಾಗ ಎರಡ ಮನಿ. ಎರಡಕ್ಕೂ ಮೂರು, ಇಲ್ಲಾ ಎಂಟು. ಬ್ಯಾರೆ ಏನೂ ಹೊಂದಂಗಿಲ್ಲ."

"ಯಾವುದಕ್ಕೆ ಯಾವುದು ರೀ?"

"ಅದ ಗೊತ್ತಿಲ್ಲ."

"ಮತ್ತೇನು ಉಪಯೋಗ ಆಯ್ತು?"

"ಸ್ಟೇಷನ್ನಿನಾಗ ಎರಡ ಲೂಪ್ ಲೈನ್, ಗಾಡಿ ಬದಿಗೆ ನಿಲ್ಲಸೂ ಹಳಿ, ಅದಾವ ಅಂತ ತಿಳಕೋ. ಎರಡ ಗೂಡ್ಸ್ ಗಾಡಿ ಬಂದು ನಿಲ್ಲೂವು ಅದಾವ. ಯಾವ ಗಾಡಿ ಯಾವ ಲೈನಿಗೆ, ಇನ್ನೂ ಗೊತ್ತಿಲ್ಲ. ಆದ್ರ ಮೂರನೇ ಗಾಡಿಗೆ ಅಲ್ಲಿ ಜಾಗಾ ಇಲ್ಲ ಅನ್ನೂದು ಗೊತ್ತಾತಲ್ಲ? ಹಂಗ, ಮೂರಕ್ಕ ಎಂಟಕ್ಕ ಆ ಎರಡ ಮನಿ ಹೋದ್ವು. ಉಳದ ಅಂಕಿ ಬಾಜೂಕಿನ ಮನಿ ನೋಡಕೋಬೇಕು."

ಆ ಎರಡು ಮನೆಗಳ ಮೂಲೆಯಲ್ಲಿ ಸಣ್ಣದಾಗಿ ಮೂರು, ಎಂಟು ಎಂದು ಬರೆದುಕೊಂಡೆ.

ಕಾರ್ಖಾನೆಗಳ ಉದ್ಯಮಬಾಗ ದಾಟಿದ್ದನ್ನು ಸದ್ದಿನಲ್ಲೇ ಗುರುತಿಸಿ ಹೇಳಿದರು. ದೇಸೂರಿನಲ್ಲಿ ಯಾವುದೋ ಎಕ್ಸ್‌ಪ್ರೆಸ್ಸಿಗೆ ದಾರಿ ಬಿಟ್ಟು ನಮ್ಮ ರೈಲು ನಿಂತಿತು. ಅಲ್ಲಿ ಅವರು ಇನ್ನೂ ದೊಡ್ಡದನ್ನು ಮಾಡಿದರು. ಮೇಲಿನ ಒಂದು ಸಾಲಿನಲ್ಲಿ ಐದಕ್ಕೆ ಎರಡೇ ಜಾಗ, ಎಡಗಡೆಯ ಒಂದು ಕಂಬದಲ್ಲಿ ಅಥವಾ ಬಲಗಡೆಯ ಒಂದು ಕಂಬದಲ್ಲಿ. ಕೆಳಗಿನ ಇನ್ನೊಂದು ಸಾಲಿನಲ್ಲೂ ಐದಕ್ಕೆ ಅವೇ ಎರಡು ಕಂಬ. "ಮ್ಯಾಲಿಂದು ಎಡಕ್ಕ ಹೋದ್ರ ಕೆಳಗಿಂದು ಬಲಕ್ಕ. ಮ್ಯಾಲಿಂದು ಬಲಕ್ಕ ಹೋದ್ರ ಕೆಳಗಿಂದು ಎಡಕ್ಕ. ಹೆಂಗ ಹೋದ್ರೂ ಆ ಎರಡೂ ಕಂಬದಾಗ ಬ್ಯಾರೆ ಕಡೆ ಐದ ಬರಂಗಿಲ್ಲ. ಕ್ರಾಸಿಂಗ್ ಇದು" ಅಂದರು. ಯೂಟ್ಯೂಬಿನಲ್ಲಿ ಇದನ್ನು ಎಕ್ಸ್-ವಿಂಗ್ ಅನ್ನುತ್ತಾರೆ. ಮೂರು ವಿಡಿಯೋ ನೋಡಿಯೂ ನನ್ನ ತಲೆಗೆ ಹತ್ತಿರಲಿಲ್ಲ. ಕಾಗದವನ್ನೇ ಕಾಣದವರು ನಾಲ್ಕು ಮೂಲೆಗಳನ್ನು ಗಾಳಿಯಲ್ಲಿ ತೋರಿಸಿದರು, ನನಗೆ ಹತ್ತಿತು.

ಯೋಚಿಸಿ. ಯಾವುದು ನಿಜವೋ ಇನ್ನೂ ಗೊತ್ತಿಲ್ಲ. ಆದರೂ ಒಂದು ನಿಜ ಆಗಲೇ ಕೈಗೆ ಸಿಕ್ಕಿದೆ. ಇಷ್ಟು ವರ್ಷ ನಾನು ಗೊತ್ತಿದ್ದರೆ ಹೇಳಿದ್ದೇನೆ, ಗೊತ್ತಿಲ್ಲದಿದ್ದರೆ ಅಂದಾಜು ಹೊಡೆದಿದ್ದೇನೆ. (ಅಂಕಣ ಬರೆಯುವ ನಿಮ್ಮಂಥವರ ಕಸುಬೇ ಅದು ಅನ್ನಬೇಡಿ.) ಇವೆರಡರ ನಡುವೆ ಇಂಥದೊಂದು ಜಾಗವಿದೆಯೆಂದು, ಅಲ್ಲಿ ಒಬ್ಬ ಮನುಷ್ಯ ಇಷ್ಟು ನೆಮ್ಮದಿಯಿಂದ ಕೂತಿರಬಹುದೆಂದು ನನಗೆ ಗೊತ್ತೇ ಇರಲಿಲ್ಲ.

ಅವರ ಮುಖ ಅರಳಿತ್ತು. ಹೆಬ್ಬೆರಳು ಗೆಣ್ಣಿನ ಮೇಲೆ ಸರಸರ ಓಡುತ್ತಿತ್ತು. "ಕೆಳಗಿಂದ ಎರಡನೇ ಸಾಲಿನಾಗ ಒಂಬತ್ತು ಸಿಕ್ತು, ಬರಕೋ" ಅಂದರು. ರೈಲು ಹೊರಟಿತು. ಕೊನೆಯ ಚೌಕ ಹಿಡಿದರು.

ಹೆಬ್ಬೆರಳು ನಿಂತಿತು.

ಹಿಂದಕ್ಕೆ ಹೋಯಿತು. ಮತ್ತೆ ಬಂತು. ಮತ್ತೆ ಅದೇ ಗೆಣ್ಣಿನ ಮೇಲೆ ನಿಂತಿತು.

"ಒಂಬತ್ತಕ್ಕ ಜಾಗಾನ ಇಲ್ಲ" ಅಂದರು. ಧ್ವನಿ ಸಣ್ಣದಾಗಿತ್ತು. "ಎಲ್ಲೋ ತಪ್ಪಿತು ನಂದು."

"ಇರ್ಲಿ ಬಿಡ್ರಿ ಮಾವಾರ. ಇಷ್ಟು ಮಾಡಿದ್ದೇ ದೊಡ್ಡದು."

"ಅಣ್ಣಗೂ ಹಿಂಗ ಸುರುವಾತು."

ಬಿಚ್ಚಿದ್ದ ಅಂಗೈ ಮಡಚಿಕೊಂಡಿತು. ಆ ಹೊತ್ತಿಗೆ ನನ್ನ ತಲೆಯಲ್ಲಿ ಏನು ಬಂತು ಗೊತ್ತೇ? ಪಾಪ, ವಯಸ್ಸಾಯಿತು, ಎಷ್ಟೆಂದು ನೆನಪಿಟ್ಟುಕೊಂಡಾರು ಅಂತ. ಕಣ್ಣಿದ್ದವಳು ನಾನು, ಪೇಪರು ನನ್ನ ತೊಡೆಯ ಮೇಲಿತ್ತು. ಅದನ್ನು ಒಮ್ಮೆ ನೋಡೋಣ ಎಂದು ಮಾತ್ರ ಅನಿಸಲಿಲ್ಲ.

ಕಿಟಕಿಯಾಚೆ ನಾಟಿಯಾದ ಗದ್ದೆಗಳು ಓಡುತ್ತಿದ್ದವು. ಮಾವ ನಿದ್ದೆ ಹೋದರೇನೋ ಎಂದು ನೋಡಿದೆ. ಅಂಗೈ ಮತ್ತೆ ಬಿಚ್ಚಿತ್ತು. ಹೆಬ್ಬೆರಳು ನಿಧಾನವಾಗಿ, ಮೊದಲ ಚೌಕದಿಂದ, ಒಂದೊಂದೇ ಗೆಣ್ಣು ಮುಟ್ಟುತ್ತ ಬರುತ್ತಿತ್ತು. ಇಡೀ ಲೆಕ್ಕವನ್ನು ಇನ್ನೊಮ್ಮೆ ಮಾಡುತ್ತಿದ್ದರು.

"ಕೇಳಿಲ್ಲಿ" ಅಂದರು ಕೊನೆಗೆ. "ಆ ಚೌಕದಾಗ ಮ್ಯಾಲಿನ ಸಾಲಿಗೆ ಒಂಬತ್ತು ಬರಂಗಿಲ್ಲ, ಆ ಸಾಲಿಂದು ಬ್ಯಾರೆ ಕಡೆ ಪೇಪರಿನವರ ಕೊಟ್ಟಾರ. ನಡುವಿನ ಸಾಲಿಗೂ ಬರಂಗಿಲ್ಲ, ಅದರದು ಈಗ ಬಾಜೂಕಿನ ಚೌಕದಾಗ ಸಿಕ್ತಲ್ಲ. ಉಳದದ್ದು ಕೆಳಗಿನ ಸಾಲಿನ ಮೂರ ಮನಿ. ಅದರಾಗ ಒಂದ ಮನಿಯಾಗ ಎರಡು, ಒಂದ ಮನಿಯಾಗ ನಾಕು, ಅವನ್ನೂ ಅವರ ಕೊಟ್ಟಾರ. ಇನ್ನೊಂದು ಮನಿಯಾಗ ಒಂದರ ಅಂಕಿ ಐತಿ ಅಂತ ನೀ ಹೇಳಿದಿ. ಒಂಬತ್ತಕ್ಕ ಇರೂದು ಅದೊಂದ ಜಾಗಾ. ನನ್ನ ತಲಿ ನಾ ತಪಾಸ ಮಾಡೀನಿ. ಈಗ ನೀ ಪೇಪರ ತಪಾಸ ಮಾಡು."

"ಅದು ಒಂದರ ಅಂಕಿಯೇ ರೀ. ಓದಿದೆನಲ್ಲ, ನೀವೂ ತಿರುಗಿ ಹೇಳಿದ್ರಿ."

"ತಿರುಗಿ ಹೇಳೂದು ನನ್ನ ಕೆಲಸ. ತಿರುಗಿ ನೋಡೂದು ನಿನ್ನ ಕೆಲಸ ಇತ್ತವಾ."

ಕನ್ನಡಕ ಹಾಕಿಕೊಂಡೆ. ಕೊನೆಯ ಸಾಲಿನ ಆ ಅಂಕಿಯ ಮೇಲೆ ಒಂದು ಬೆರಳಿಟ್ಟು, ಮೇಲೆಲ್ಲೋ ಇದ್ದ ಒಂದರ ಮೇಲೆ ಇನ್ನೊಂದು ಬೆರಳಿಟ್ಟು ಹೋಲಿಸಿದೆ. ಮರಾಠಿ ಬಲ್ಲವರಿಗೆ ಗೊತ್ತು, ಮರಾಠಿಯ ಒಂದು ಮತ್ತು ಒಂಬತ್ತು ಅಕ್ಕತಂಗಿಯರಿದ್ದ ಹಾಗೆ, ಅವಸರದಲ್ಲಿ ಅದಲುಬದಲು. ನನ್ನ ಗುರು ಕ್ಯಾಲೆಂಡರು ನೋಡಿ. ಅಲ್ಲಿ ಒಂದು ಯಾವಾಗಲೂ ಮೊದಲಿಗೆ, ಒಂಬತ್ತು ಯಾವಾಗಲೂ ಎಂಟರ ಪಕ್ಕ. ಓದುವ ಅಗತ್ಯವೇ ಬೀಳುವುದಿಲ್ಲ. ಇಷ್ಟು ವರ್ಷ ನಾನು ಮರಾಠಿ ಅಂಕಿಗಳನ್ನು ಓದಿರಲೇ ಇಲ್ಲ, ಎಣಿಸಿದ್ದೆ ಅಷ್ಟೇ.

"ಒಂಬತ್ತು ರೀ ಮಾವಾರ" ಅಂದೆ.

ಅವರು ದೊಡ್ಡದೊಂದು ಉಸಿರು ಬಿಟ್ಟರು. ಆ ಉಸಿರನ್ನು ಬೇಸಿಗೆಯಿಂದ ಹಿಡಿದುಕೊಂಡಿದ್ದರೆಂದು ನನಗನಿಸಿತು. ನನ್ನ ಕಣ್ಣು ತುಂಬಿ ಬಂತು. ಅವರಿಗೆ ಕಂಡಿರಲಿಕ್ಕಿಲ್ಲ.

ಕಣ್ಣೊರೆಸಿಕೊಂಡು, ಎಲ್ಲ ಅಳಿಸಿ ಮೊದಲಿಂದ ಮಾಡಬೇಕೇನೋ ಎಂದು ರಬ್ಬರು ತೆಗೆದೆ. "ಎಲ್ಲಾ ಬ್ಯಾಡ. ಆ ಒಂದರ ಮ್ಯಾಲೆ ಭಾರ ಹಾಕಿದ್ದು ಮೂರ ಮನಿ ಅಷ್ಟ" ಎಂದು ಮೂರನ್ನು ಹೆಸರಿಸಿದರು. ತಾವು ತುಂಬಿದ ಯಾವ ಅಂಕಿ ಯಾವುದನ್ನು ನಂಬಿ ನಿಂತಿದೆ ಎಂಬುದೂ ಅವರಿಗೆ ನೆನಪಿತ್ತು. ನನಗೆ ನಿನ್ನೆಯ ಸಾರು ಯಾವುದೆಂದು ನೆನಪಿರುವುದಿಲ್ಲ.

ಉಳಿದ ಮನೆಗಳನ್ನು ಖಾನಾಪುರ ಬರುವಷ್ಟರಲ್ಲಿ ತುಂಬಿಸಿದರು. ಇಳಿಯುವಾಗ ನಾನು ಮೊಣಕೈ ಹಿಡಿಯಹೋದೆ. ಕುಂದಾದ ಡಬ್ಬಿಯನ್ನು ನನ್ನ ಕೈಗಿಟ್ಟು, ಬಾಗಿಲ ಕಂಬಿ ಹಿಡಿದು ತಾವೇ ಇಳಿದರು.

ಅಕ್ಕ ಮನೆಯ ಬಾಗಿಲಲ್ಲೇ ನಿಂತಿದ್ದರು. "ಡಾಕ್ಟರ್ ಏನಂದ್ರೋ?"

"ಕಣ್ಣ ಹೋದ್ವಕ್ಕಾ" ಅಂದರು ಮಾವ, ಅಕ್ಕನ ಕಿವಿಯಾಚೆಗೆ ನೋಡುತ್ತ. "ತಲಿ ಐತಿ."

ಅಕ್ಕ ತಮ್ಮನ ಕೈ ಹಿಡಿದುಕೊಂಡರು. ಸ್ವಲ್ಪ ಹೊತ್ತು ಬಿಡಲೇ ಇಲ್ಲ. ಆಮೇಲೆ ಸೆರಗಿನಿಂದ ಮೂಗೊರೆಸಿಕೊಂಡು, "ತಲಿ ಯಾವಾಗ ಇತ್ತೋ ನಿನಗ? ಹಂಗಾರ ಮೊದಲಿನಕಿಂತ ಚಲೋನ ಆತಲ್ಲ. ಬಾ, ಒಳಗ ಬಾ" ಅಂದರು.

ಪೇಪರು ಮತ್ತೆ ಚಾಲೂ ಆಗಿದೆ. ಬೆಳಿಗ್ಗೆ ನಾನು ಓದುತ್ತೇನೆ, ಮಾವ ತಿರುಗಿ ಹೇಳುತ್ತಾರೆ, ನಾನು ಕನ್ನಡಕ ಹಾಕಿಕೊಂಡು ತಿರುಗಿ ನೋಡುತ್ತೇನೆ. ಚಹಾ ಆರುತ್ತದೆ, ಗಂಡ ಗೊಣಗುತ್ತಾರೆ. ರೈಲಿನಲ್ಲಿ ನಾನು ಮನಸ್ಸಿನೊಳಗೇ ಅಂದುಕೊಂಡ ಆ "ಪಾಪ, ವಯಸ್ಸಾಯಿತು" ಮಾತ್ರ ಇನ್ನೂ ಚುಚ್ಚುತ್ತಿದೆ. ಎಲ್ಲರೂ ಅನ್ನುವ ಮಾತು, ನನ್ನ ಬಾಯಿಗೂ ರೂಢಿಯಾಗಿದೆ.

ನಿಮ್ಮ ಮನೆಯ ಹಿರಿಯರ ಬಗ್ಗೆ ಮೊನ್ನೆ ನೀವೂ ಹಾಗೇ ಅಂದಿರಲ್ಲ, ಅದು ತಿರುಗಿ ನೋಡಿ ಅಂದದ್ದೋ, ಕೇಳಿದ್ದನ್ನೇ ತಿರುಗಿ ಹೇಳಿದ್ದೋ?