ಅಮ್ಮ ಹೂವು ಕೊಡದ ಶುಕ್ರವಾರ

ಎರಡು ವರ್ಷದ ಹಿಂದಿನ ಕಾರ್ತಿಕ ಮಾಸ. ಸಂಜೆ ಏಳರ ನೇರಪ್ರಸಾರದಲ್ಲಿ ಹುಟ್ಟುಹಬ್ಬದ ಶುಭಾಶಯ ಹೇಳುತ್ತಾ ಕೂತಿದ್ದ ನನ್ನ ಸ್ವರ, ಒಂದು ಮಗುವಿನ ಹೆಸರನ್ನು ಅರ್ಧ ಹೇಳಿ ನಿಂತುಹೋಯಿತು. ಕಲ್ಲಡ್ಕದಿಂದ ಫೋನ್ ಮಾಡಿದ್ದ ಆ ಮಗುವಿನ ಅಜ್ಜಿ, "ಹಲೋ, ಕೇಳ್ತದಾ ಮೇಡಂ? ಲೈನ್ ಕಟ್ಟಾಯ್ತಾ?" ಎಂದು ಕೇಳುತ್ತಲೇ ಇದ್ದರು. ಲೈನ್ ಕಟ್ಟಾಗಿರಲಿಲ್ಲ. ಕ್ಯಾಮೆರಾದ ಕೆಂಪು ದೀಪ ಉರಿಯುತ್ತಿತ್ತು, ನಾನು ಬಾಯಿ ತೆರೆದು ಕೂತಿದ್ದೆ, ಗಂಟಲಿನಿಂದ ಬರೀ ಗಾಳಿ ಬರುತ್ತಿತ್ತು. ಒಳಗಿನವರು ಗಡಿಬಿಡಿಯಲ್ಲಿ ಜಾಹೀರಾತು ಹಾಕಿದರು.

ನಮ್ಮ ಜೈನ ಬಸದಿಗಳ ದೇವಿ ಪದ್ಮಾವತಿ ಅಮ್ಮನನ್ನು ನಂಬಿದವರು ಇದನ್ನು ಓದಬೇಕೆಂದು ಬರೆಯುತ್ತಿದ್ದೇನೆ. ನನ್ನ ಹೆದರಿಕೆ ಅರ್ಥವಾಗಬೇಕಾದರೆ ನಮ್ಮ ಅಜಿತಮಾವನ ಕಥೆ ಮೊದಲು ಹೇಳಬೇಕು.

ನನ್ನ ತವರು ಬೆಳ್ತಂಗಡಿ ಕಡೆ. ಊರಿನ ಬಸದಿಯ ವಾರ್ಷಿಕ ಪೂಜೆಯಲ್ಲಿ ಸೇವೆ ಕೊಟ್ಟವರ ಹೆಸರುಗಳನ್ನು ಮೈಕಿನಲ್ಲಿ ಓದುತ್ತಿದ್ದವರು ನನ್ನ ತಾಯಿಯ ತಮ್ಮ ಅಜಿತಮಾವ. ಅವರದ್ದು ಗದ್ದೆಯಾಚೆಗೂ ಕೇಳುವ ಸ್ವರ. ನಾನು ಏಳನೇ ತರಗತಿಯಲ್ಲಿದ್ದಾಗ ಅವರಿಗೆ ಗಂಟಲಿನಲ್ಲಿ ಗಡ್ಡೆಯಾಗಿ ಧ್ವನಿಪೆಟ್ಟಿಗೆಯನ್ನೇ ತೆಗೆದರು. ಕುತ್ತಿಗೆಯ ತೂತಿಗೆ ಬಿಳಿ ಕರವಸ್ತ್ರ ಕಟ್ಟಿಕೊಂಡು, ಸ್ಲೇಟಿನಲ್ಲಿ ಬರೆದು ಮಾತಾಡುತ್ತಿದ್ದರು. ಆ ವರ್ಷದ ಪೂಜೆಗೆ ಹೆಸರು ಓದುವವರಿಲ್ಲವಾಯಿತು. ಮಾವ ಸ್ಲೇಟಿನಲ್ಲಿ "ವಿಮಲಾ ಓದಲಿ" ಎಂದು ಬರೆದು ಎಲ್ಲರಿಗೂ ತೋರಿಸಿದರು. ನಾನು ಮೈಕು ಹಿಡಿದದ್ದು ಹಾಗೆ.

ಅಲ್ಲಿಂದ ಮೂಡುಬಿದಿರೆಯ ಕಾಲೇಜಿನ ಕಾರ್ಯಕ್ರಮಗಳು, ಆಮೇಲೆ ಮದುವೆ ಹಾಲ್‌ಗಳಲ್ಲಿ ನಿರೂಪಣೆ, ಆಮೇಲೆ ಮಂಗಳೂರಿನ ರೇಡಿಯೊದಲ್ಲಿ ತಿಂಗಳಿಗೆ ಆರೇ ದಿನದ ತಾತ್ಕಾಲಿಕ ಉದ್ಘೋಷಕಿಯ ಕೆಲಸ. ಮದುವೆಯಾಗಿ ಸಿದ್ಧಕಟ್ಟೆಗೆ ಬಂದ ಮೇಲೂ ಬಿಡಲಿಲ್ಲ. ಸ್ಥಳೀಯ ಟಿ.ವಿ.ಯವರು ಸಂಜೆಯ ಶುಭಾಶಯ ಕಾರ್ಯಕ್ರಮಕ್ಕೆ ಕರೆದರು. ಸೂರ್ಯ ಮುಳುಗಿದ ಮೇಲೆ ನಾವು ಊಟ ಮಾಡುವವರಲ್ಲ, ಹಾಗಾಗಿ ಐದೂವರೆಗೇ ಮೇಕಪ್ ಕೋಣೆಯಲ್ಲಿ ಬುತ್ತಿ ಬಿಚ್ಚುವವಳು ಎಂದು ಅಲ್ಲಿ ನನಗೆ ಹೆಸರು. ಆ ಕಾರ್ತಿಕದಲ್ಲಿ ದೊಡ್ಡ ವಾಹಿನಿಯೊಂದರಿಂದ ಮಾತು ಬಂದಿತ್ತು. ಮಕರ ಸಂಕ್ರಾಂತಿಯ ನಂತರ ಶುರುವಾಗುವ ಬೆಳಗಿನ ಕಾರ್ಯಕ್ರಮ. ಇಷ್ಟು ವರ್ಷ ಕಾದದ್ದು ಅದಕ್ಕೇ.

ಅದಕ್ಕೇ ಮುಚ್ಚಿಟ್ಟೆ ಕೂಡ. ಮೂರು ತಿಂಗಳಿನಿಂದ ಸ್ವರ ಒಡೆಯುತ್ತಿತ್ತು. ಕರಿಮೆಣಸಿನ ಕಷಾಯ ಕುಡಿದೆ, ಜ್ಯೇಷ್ಠಮಧು ಅಗಿದೆ, ಮೈಕು ಬಂದ್ ಆದ ಕೂಡಲೇ ಗಂಟಲು ಕೆರೆದುಕೊಂಡೆ. ಬಸ್ಸಿನಲ್ಲಿ ಪರಿಚಯದ ಕಂಡಕ್ಟರ್ "ಎಂತ ಮೇಡಂ, ಇವತ್ತು ರೇಡಿಯೊ ಉಂಟಾ?" ಎಂದರೆ ನಕ್ಕು ತಲೆಯಾಡಿಸಿ ಕಿಟಕಿಯ ಕಡೆ ತಿರುಗುತ್ತಿದ್ದೆ. ಯಾರಿಗೂ ಗೊತ್ತಾಗಬಾರದಿತ್ತು. ಕೊನೆಗೆ ನೋಡಿದರೆ ಇಡೀ ಜಿಲ್ಲೆಗೇ ಗೊತ್ತಾಯಿತು.

ಮರುದಿನ ನನ್ನ ಗಂಡ ಜಿನರಾಜ ಅಂಗಡಿಗೆ ಬೀಗ ಹಾಕಿ ನನ್ನನ್ನು ಮಂಗಳೂರಿನ ಆಸ್ಪತ್ರೆಗೆ ಕರೆದುಕೊಂಡು ಹೋದರು. ಡಾಕ್ಟರು ಮೂಗಿನಿಂದ ಸಪೂರ ಕ್ಯಾಮೆರಾ ಇಳಿಸಿದರು. ಪರದೆಯ ಮೇಲೆ ನನ್ನ ಸ್ವರತಂತು ಕಾಣಿಸಿತು. ಬಲಬದಿಯದರ ಮೇಲೆ ಕೆಂಪಗೆ, ಒಂದು ಕರಿಮೆಣಸಿನ ಕಾಳಿನಷ್ಟು ಉಬ್ಬು.

"ಎಂತ ಡಾಕ್ಟ್ರೇ ಅದು?" ಎಂದು ಜಿನರಾಜ ಕೇಳಿದರು.

"ನೋಡಿ ಹೇಳ್ಲಿಕ್ಕೆ ಆಗುದಿಲ್ಲ. ಎರಡು ವಾರ ಸ್ವರಕ್ಕೆ ಪೂರ್ತಿ ವಿಶ್ರಾಂತಿ ಕೊಡಿ. ಕಡಿಮೆ ಆಗದಿದ್ರೆ ತೆಗೆದು ಪರೀಕ್ಷೆಗೆ ಕಳಿಸುವ. ಮನೆಯಲ್ಲಿ ಯಾರಿಗಾದ್ರೂ ಗಂಟಲಿನ ಕಾಯಿಲೆ ಇತ್ತಾ?"

ಜಿನರಾಜ ನನ್ನ ಮುಖ ನೋಡಿದರು. ಅಜಿತಮಾವನ ವಿಷಯ ಅವರೇ ಹೇಳಿದರು. ಡಾಕ್ಟರು ಏನನ್ನೋ ಬರೆದುಕೊಂಡರು. ಆ ಬರೆದದ್ದು ಏನೆಂದು ಕೇಳುವ ಧೈರ್ಯ ನಮಗಿಬ್ಬರಿಗೂ ಇರಲಿಲ್ಲ.

ಆ ಎರಡು ವಾರ ನಾನು ಮಾತಾಡಲಿಲ್ಲ. ಹಾಗೆಂದು ನಾನು ನಂಬಿದ್ದೆ. ಪಿಸುಗುಟ್ಟುತ್ತಿದ್ದೆ, ಅಷ್ಟೇ. ನಮ್ಮ ಕೆಲಸದವರಿಗೆ ಅದು ಅಭ್ಯಾಸ. ಮೈಕು ಆನ್ ಇದ್ದರೆ ಮಾತು, ಇಲ್ಲದಾಗ ಪಿಸುಮಾತು. ಸ್ಟುಡಿಯೊದಲ್ಲಿ ಅರ್ಧ ಜೀವಮಾನ ಪಿಸುಗುಟ್ಟಿಯೇ ಕಳೆದಿದ್ದೇವೆ. ನಮ್ಮ ಲೆಕ್ಕದಲ್ಲಿ ಅದು ಮಾತೇ ಅಲ್ಲ. ಮನೆಯಲ್ಲಿ ಅದಕ್ಕೆ ಇನ್ನೊಂದು ಕಾರಣವೂ ಇತ್ತು. ನನ್ನ ಅತ್ತೆಗೆ ಕಣ್ಣು ಹೋಗಿ ಹತ್ತು ವರ್ಷ. ಅವರಿಗೆ ಚೀಟಿ ಬರೆದು ತೋರಿಸುವ ಹಾಗಿಲ್ಲ. ಬೆಳಗಿನ ಗಂಜಿಯಿಂದ ಹಿಡಿದು ಎಲ್ಲವನ್ನೂ ಅವರ ಕಿವಿಯ ಬಳಿ ಬಗ್ಗಿ ಪಿಸುಗುಟ್ಟುತ್ತಿದ್ದೆ.

ಎರಡು ವಾರದ ನಂತರ ಮತ್ತೆ ಕ್ಯಾಮೆರಾ ಇಳಿಸಿದಾಗ ಉಬ್ಬು ಕಡಿಮೆಯಾಗಿರಲಿಲ್ಲ, ದೊಡ್ಡದಾಗಿತ್ತು.

"ಮಾತಾಡಿದ್ರಾ?" ಎಂದು ಡಾಕ್ಟರು ಕೇಳಿದರು. ಇಲ್ಲವೆಂದು ತಲೆಯಾಡಿಸಿದೆ. ಅದು ಸುಳ್ಳೆಂದು ನನಗೆ ಗೊತ್ತಿರಲಿಲ್ಲ. ಡಾಕ್ಟರ ಮುಖ ಗಂಭೀರವಾಯಿತು. ವಿಶ್ರಾಂತಿ ಕೊಟ್ಟರೂ ಬೆಳೆಯುತ್ತಿದೆ ಎಂದರೆ ತೆಗೆಯಲೇಬೇಕು ಎಂದರು. ನನ್ನ ಮೈಯಲ್ಲಿ ರಕ್ತ ಕಡಿಮೆ ಇದ್ದದ್ದರಿಂದ ಮೂರು ವಾರ ಮಾತ್ರೆ ತಿಂದು, ಆಮೇಲೆ ಆಪರೇಷನ್. ಸ್ವರ ಮೊದಲಿನ ಹಾಗೆ ಆಗುತ್ತದೆಯೋ ಎಂದು ಜಿನರಾಜ ಕೇಳಿದ್ದಕ್ಕೆ, "ಮೊದಲು ಅದು ಎಂತದ್ದು ಅಂತ ಗೊತ್ತಾಗ್ಲಿ" ಎಂದರು.

ವಾಪಸು ಬರುವಾಗ ಬಿ.ಸಿ.ರೋಡಿನಲ್ಲಿ ಬಸ್ ಬದಲಿಸಿದೆವು. ಅಂಗಡಿಯೊಂದರ ರೇಡಿಯೊದಲ್ಲಿ ನನ್ನ ಜಾಗದಲ್ಲಿ ಬೇರೆ ಯಾರೋ ಓದುತ್ತಿದ್ದರು. ಒಳ್ಳೆಯ ಸ್ವರ, ಪಾಪ, ಆ ಹುಡುಗಿಯ ತಪ್ಪೇನೂ ಇಲ್ಲ. ನನಗೆ ಅಲ್ಲಿ ನಿಲ್ಲಲಾಗಲಿಲ್ಲ. ಬಸ್ಸಿನಲ್ಲಿ ಕೂತು ಸೆರಗಿನೊಳಗೆ ಕುತ್ತಿಗೆ ಮುಟ್ಟಿ ಮುಟ್ಟಿ ನೋಡಿಕೊಂಡೆ. ತೂತು ಎಲ್ಲಿ ಮಾಡುತ್ತಾರೆ, ಕರವಸ್ತ್ರ ಎಲ್ಲಿಗೆ ಬರುತ್ತದೆ ಎಂದು ನನಗೆ ಚೆನ್ನಾಗಿ ಗೊತ್ತಿತ್ತು. ಮಾವನ ಮೈಕು ನನಗೆ ಬಂದ ಹಾಗೆ ಮಾವನ ಸ್ಲೇಟೂ ನನಗೇ ಬರುತ್ತದೆ ಎಂದು ಮನಸ್ಸು ತೀರ್ಮಾನಿಸಿಬಿಟ್ಟಿತ್ತು.

ಮಾರನೇ ದಿನ ಶುಕ್ರವಾರ. ಅತ್ತೆಯೊಂದಿಗೆ ಮೂಡುಬಿದಿರೆ ಕಡೆಯ ಒಂದು ಸಣ್ಣ ಬಸದಿಗೆ ಹೋದೆ. ಅಲ್ಲಿ ಪದ್ಮಾವತಿ ಅಮ್ಮನಿಗೆ ಹೂವಿನ ಅಲಂಕಾರ ಮಾಡಿ, ಮನಸ್ಸಿನ ಮಾತನ್ನು ಕೇಳಿಕೊಳ್ಳುವ ಕ್ರಮ ಉಂಟು. ಬಲಗಡೆಯಿಂದ ಹೂವು ಬಿದ್ದರೆ ಅಮ್ಮ ಒಪ್ಪಿದಳೆಂದು ಅರ್ಥ, ಎಡಗಡೆಯಿಂದ ಬಿದ್ದರೆ ಇಲ್ಲವೆಂದು. ನಾನು ಕಣ್ಣು ಮುಚ್ಚಿ, ತುಟಿಯಲ್ಲೇ ಪಿಸುಗುಟ್ಟುತ್ತಾ ಕೇಳಿದೆ. ಅಮ್ಮಾ, ನನ್ನ ಸ್ವರ ಉಳಿಸು. ಕಾರ್ಯಕ್ರಮ ಹೋದರೆ ಹೋಗಲಿ, ಆ ಸ್ಲೇಟು ಮಾತ್ರ ಬೇಡ. ಒಂದು ಸಲವಲ್ಲ, ನೂರು ಸಲ ಕೇಳಿರಬೇಕು.

ಹೂವು ಬಲಕ್ಕೂ ಬೀಳಲಿಲ್ಲ, ಎಡಕ್ಕೂ ಬೀಳಲಿಲ್ಲ. ಬಂದವರೆಲ್ಲ ಪ್ರಸಾದ ತೆಗೆದುಕೊಂಡು ಹೋದರು. ಬಸದಿಯ ಪೂಜೆ ಮಾಡುವ ಇಂದ್ರರು ವಯಸ್ಸಾದವರು, ನನಗಾಗಿ ಬಾಗಿಲು ಹಾಕದೆ ಕಾದರು. ಕೊನೆಗೆ, "ಅಮ್ಮ ಇವತ್ತು ಏನೂ ಹೇಳ್ಲಿಲ್ಲ ಮಗಾ. ಇನ್ನೊಂದು ದಿನ ಬನ್ನಿ" ಎಂದರು.

ಇಲ್ಲ ಎಂದಿದ್ದರೂ ತಡೆದುಕೊಳ್ಳುತ್ತಿದ್ದೆನೋ ಏನೋ. ಅಮ್ಮ ನನ್ನ ಕಡೆ ನೋಡಲೇ ಇಲ್ಲ ಎನಿಸಿತು. ಮೆಟ್ಟಿಲ ಮೇಲೆ ಕುಸಿದು ಕೂತು, ಅತ್ತೆಯ ಕಿವಿಯ ಬಳಿ ಎಲ್ಲವನ್ನೂ ಪಿಸುಗುಟ್ಟುತ್ತಾ ಕಣ್ಣೀರು ಹಾಕಿದೆ. ಅವರು ಪೂರ್ತಿ ಕೇಳಿಸಿಕೊಂಡರು. ಮನೆಯಲ್ಲಿ ನಮ್ಮ ಮಾತು ತುಳುವೇ, ಇಲ್ಲಿ ಕನ್ನಡದಲ್ಲಿ ಬರೆಯುತ್ತೇನೆ.

"ಮಾರಾಯ್ತಿ, ನೀನು ಅಮ್ಮನ ಹತ್ರವೂ ಹೀಗೆಯೇ ಮಾತಾಡಿದ್ದಾ?" ಎಂದರು.

ಹೌದೆಂದು ಪಿಸುಗುಟ್ಟಿದೆ.

"ಡಾಕ್ಟ್ರು ಮಾತು ಬೇಡ ಅಂತ ಹೇಳಿದ್ದಲ್ವಾ? ಬೆಳಿಗ್ಗೆಯಿಂದ ಸಂಜೆವರೆಗೆ ನನ್ನ ಕಿವಿಗೆ ಗಾಳಿ ಊದ್ತಾ ಇದ್ದಿ. ಹೇಳಿದ್ರೆ ಬೇಜಾರಾಗ್ತದೆ ಅಂತ ಸುಮ್ಮನಿದ್ದೆ. ನಾನು ವರ್ಷ ವರ್ಷ ಮೌನ ವ್ರತ ಮಾಡಿದವಳು ವಿಮಲಾ. ಮೌನ ಅಂದ್ರೆ ತುಟಿ ಸಹ ಅಲ್ಲಾಡ್ಲಿಕ್ಕಿಲ್ಲ. ಅಮ್ಮ ಯಾಕೆ ಸುಮ್ಮನಿದ್ದಳು ಗೊತ್ತುಂಟಾ? ನೀನೂ ಸುಮ್ಮನಿರು ಅಂತ. ಬಾ ಒಳಗೆ, ವ್ರತ ತೆಗೊಳ್ಳುವ."

ನನ್ನನ್ನು ಎಬ್ಬಿಸಿ ಮತ್ತೆ ಒಳಗೆ ಕರೆದುಕೊಂಡು ಹೋದರು. ಆಪರೇಷನ್ನಿನ ದಿನದವರೆಗೆ ಮೌನ. ಡಾಕ್ಟರ ಮಾತಿಗೆ ನನ್ನದೇ ಅರ್ಥ ಮಾಡಿಕೊಂಡಿದ್ದೆ. ಅಮ್ಮನ ಎದುರು ತೆಗೆದುಕೊಂಡ ವ್ರತಕ್ಕೆ ಹಾಗೆ ಮಾಡುವ ಧೈರ್ಯ ನನಗಿರಲಿಲ್ಲ.

ಅತ್ತೆಯೊಂದಿಗೆ ವ್ಯವಹಾರ ಹೇಗೆ? ಅದಕ್ಕೂ ದಾರಿ ಅವರೇ ಹೇಳಿದರು. ಮನೆಯಲ್ಲಿದ್ದ ಹಳೆಯ ಸಣ್ಣ ಕೈಗಂಟೆಯೊಂದನ್ನು ನನ್ನ ಸೊಂಟಕ್ಕೆ ಸಿಕ್ಕಿಸಿದರು. ಒಂದು ಸಲ ಬಾರಿಸಿದರೆ ಹೌದು, ಎರಡು ಸಲ ಬಾರಿಸಿದರೆ ಬೇಡ.

ಮಾತಿಲ್ಲದ ಮನೆಯಲ್ಲಿ ಹೆದರಿಕೆ ದೊಡ್ಡದಾಯಿತು. ಮಾತಾಡುವಾಗ ಅದನ್ನು ಹೇಗೋ ತಳ್ಳುತ್ತಿದ್ದೆ, ಈಗ ಅದರ ಜೊತೆಗೇ ಕೂರಬೇಕಾಯಿತು. ಅನ್ನ ನುಂಗುವಾಗ ಗಂಟಲಲ್ಲಿ ಏನೋ ಸಿಕ್ಕಿದಂತಾಗುತ್ತಿತ್ತು. ಬೆಳೆಯುತ್ತಿದೆ ಎಂದುಕೊಳ್ಳುತ್ತಿದ್ದೆ. ದೊಡ್ಡ ವಾಹಿನಿಯಿಂದ ಫೋನ್ ಬಂದಾಗ ಜಿನರಾಜ ಮಾತಾಡಿದರು. ಕಾಯಲು ಆಗುವುದಿಲ್ಲ ಎಂದು ವಾಹಿನಿಯವರು ಹೇಳಿದ್ದು ಜಿನರಾಜರ ಮುಖ ನೋಡಿಯೇ ನನಗೆ ತಿಳಿಯಿತು. ಅಳುವುದಕ್ಕೂ ಹೆದರಿದೆ, ಬಿಕ್ಕಿದರೆ ಸದ್ದು ಬರುತ್ತದಲ್ಲ.

ಹತ್ತನೇ ದಿನವೋ ಹನ್ನೊಂದನೆಯದೋ, ಅನ್ನ ಬಸಿದು ಕುದಿಯುವ ತಿಳಿಯ ಪಾತ್ರೆಯನ್ನು ಅಡುಗೆಮನೆಯ ಬಾಗಿಲಲ್ಲಿಟ್ಟು ಒಲೆಯ ಕಡೆ ತಿರುಗಿದ್ದೆ. ಹಿಂದೆ ನೋಡುವಾಗ ಅತ್ತೆ ಗೋಡೆ ಹಿಡಿದುಕೊಂಡು ಸೀದಾ ಅದರ ಮೇಲೆಯೇ ಬರುತ್ತಿದ್ದರು. ಇನ್ನೊಂದೇ ಹೆಜ್ಜೆ. ನನ್ನ ಬಾಯಿ ತೆರೆದಾಗಿತ್ತು, ಕಿರುಚು ಗಂಟಲವರೆಗೆ ಬಂದಿತ್ತು. ಅಷ್ಟರಲ್ಲಿ ಕೈ ತಾನಾಗಿ ಸೊಂಟಕ್ಕೆ ಹೋಯಿತು. ಗಂಟೆ ಎರಡು ಸಲ ಬಾರಿಸಿತು. ಎತ್ತಿದ ಕಾಲನ್ನು ಅತ್ತೆ ಹಾಗೆಯೇ ಹಿಂದಕ್ಕಿಟ್ಟರು. ನಾನು ಓಡಿಹೋಗಿ ಅವರನ್ನು ಹಿಡಿದುಕೊಂಡೆ.

"ಕಿರುಚಿದ್ರೂ ಅಮ್ಮ ಕ್ಷಮಿಸ್ತಿದ್ದಳು" ಎಂದರು ಅತ್ತೆ. "ಆದ್ರೂ ಕಿರುಚಲಿಲ್ಲ ನೀನು" ಎಂದು ನನ್ನ ಬೆನ್ನು ಸವರಿದರು.

ಆಪರೇಷನ್ನಿನ ದಿನ ಬೆಳಿಗ್ಗೆ ಮೊದಲ ಬಸ್ಸಿಗೆ ಹೊರಟೆವು. ಖಾಲಿ ಹೊಟ್ಟೆ. ಆಸ್ಪತ್ರೆಯ ಹಸಿರು ಅಂಗಿ ಹಾಕಿಸಿ, ಒಪ್ಪಿಗೆಯ ಕಾಗದಕ್ಕೆ ಸಹಿ ಮಾಡಿಸಿದರು. ಕಾಗದದಲ್ಲಿ 'ಸ್ವರ ಶಾಶ್ವತವಾಗಿ ಬದಲಾಗಬಹುದು' ಎಂಬ ಸಾಲಿತ್ತು. ಅದರ ಕೆಳಗೇ ಸಹಿ ಹಾಕಿದೆ. ಒಳಗೆ ಕರೆದೊಯ್ಯುವ ಮುಂಚೆ ಡಾಕ್ಟರು ಕೊನೆಯದಾಗಿ ಒಮ್ಮೆ ಕ್ಯಾಮೆರಾ ಇಳಿಸಿ ನೋಡುತ್ತೇನೆಂದರು.

ಅವರು ನೋಡಿದರು. ಇನ್ನೊಬ್ಬ ಡಾಕ್ಟರನ್ನು ಕರೆದರು, ಇಬ್ಬರೂ ನೋಡಿದರು. ಮುಗಿಯಿತು, ಹರಡಿದೆ ಎಂದುಕೊಂಡೆ. ಪರದೆಯ ಕಡೆ ತಿರುಗಲು ಧೈರ್ಯ ಬರಲಿಲ್ಲ.

"ನೋಡಮ್ಮಾ, ಎಲ್ಲುಂಟು ಅದು?" ಎಂದರು ಡಾಕ್ಟರು.

ಕರಿಮೆಣಸಿಗಿಂತಲೂ ದೊಡ್ಡದಾಗಿದ್ದದ್ದು ಎಳ್ಳಿನಷ್ಟಾಗಿತ್ತು. ಅದು ಗಡ್ಡೆಯಲ್ಲ, ರಕ್ತ ಕಟ್ಟಿದ ಗುಳ್ಳೆ, ಕರಗುತ್ತಾ ಬಂದಿದೆ, ಗಡ್ಡೆಯಾದರೆ ಹೀಗೆ ಕರಗುವುದಿಲ್ಲ, ಆಪರೇಷನ್ ಬೇಡ ಎಂದರು. "ಎರಡು ವಾರದಲ್ಲಿ ಆಗದ್ದು ಈಗ ಹೇಗಾಯ್ತು? ಎಂತ ಮಾಡಿದ್ರಿ?"

ಜಿನರಾಜ ಬಸದಿ, ವ್ರತ, ಗಂಟೆ ಎಲ್ಲ ಹೇಳಿದರು. ಮೊದಲಿನ ಪಿಸುಮಾತಿನ ವಿಷಯವನ್ನೂ ಹೇಳಿದರು. ಡಾಕ್ಟರು ಹಣೆಗೆ ಕೈ ಹಚ್ಚಿಕೊಂಡರು. "ಪಿಸುಗುಟ್ಟಿದ್ರೆ ಕೆಲವರಿಗೆ ಮಾತಾಡಿದ್ದಕ್ಕಿಂತ ಜಾಸ್ತಿ ಪೆಟ್ಟಾಗ್ತದೆ. ನಾನು ಅದನ್ನು ಬಿಡಿಸಿ ಹೇಳ್ಬೇಕಿತ್ತು. ನಿಮ್ಮ ಅತ್ತೆ ಹೇಳಿದ್ರಲ್ಲ, ಪುಣ್ಯ."

ಇದನ್ನು ಓದಿ, ಹಾಗಾದರೆ ಅಮ್ಮನ ಮಹಿಮೆ ಎಲ್ಲಿ ಬಂತು, ಬಾಯಿ ಮುಚ್ಚಿದ್ದಕ್ಕೆ ವಾಸಿಯಾಯಿತು ಎನ್ನುವವರು ಇರಬಹುದು. ಇರಲಿ ಬಿಡಿ. ಮಾತೇ ಬದುಕಾಗಿದ್ದವಳ ಬಾಯಿ ಮುಚ್ಚಿಸುವುದು ಎಷ್ಟು ಕಷ್ಟವೆಂದು ನನಗೆ ಗೊತ್ತು. ಅಂದು ಬಲಗಡೆಯಿಂದ ಹೂವು ಬಿದ್ದಿದ್ದರೆ ನಾನು ಸಂತೋಷದಿಂದ ಮನೆಗೆ ಬಂದು ಇನ್ನಷ್ಟು ಪಿಸುಗುಟ್ಟುತ್ತಿದ್ದೆ. ಆ ಒಂದು ಹೂವನ್ನು ತಡೆದು ಅಮ್ಮ ನನ್ನನ್ನು ಉಳಿಸಿದಳು.

ಆಸ್ಪತ್ರೆಯ ವರಾಂಡದಿಂದ ಜಿನರಾಜ ಮನೆಗೆ ಫೋನ್ ಮಾಡಿ ನನ್ನ ಕಿವಿಗಿಟ್ಟರು. ಎರಡೇ ಮಾತು ಆಡಬಹುದೆಂದು ಡಾಕ್ಟರು ಒಪ್ಪಿದ್ದರು.

"ಅತ್ತೇ, ನಾನು" ಎಂದೆ. ಸ್ವರ ಸ್ವಲ್ಪ ದಪ್ಪವಾಗಿತ್ತು, ಆದರೆ ನನ್ನದೇ.

ಗಂಟೆಯನ್ನು ಬೆಳಿಗ್ಗೆ ಅವರ ಕೈಯಲ್ಲಿಟ್ಟು ಬಂದಿದ್ದೆ. ಆ ಕಡೆಯಿಂದ ಅದು ಒಂದು ಸಲ ಬಾರಿಸಿತು. ಆಮೇಲೆ ಮೂಗು ಒರೆಸಿಕೊಂಡ ಸದ್ದು, ಆಮೇಲೆ, "ಸಾಕು, ಜಾಸ್ತಿ ಮಾತಾಡ್ಬೇಡ, ಫೋನ್ ಇಡು."

ದೊಡ್ಡ ವಾಹಿನಿಯ ಕಾರ್ಯಕ್ರಮ ಬೇರೆಯವರ ಪಾಲಾಯಿತು. ರೇಡಿಯೊ ಮತ್ತೆ ಕರೆಯಿತು, ಸಂಜೆಯ ಶುಭಾಶಯವೂ ಸಿಕ್ಕಿತು. ಕಲ್ಲಡ್ಕದ ಆ ಅಜ್ಜಿಯ ಮೊಮ್ಮಗಳ ಹೆಸರನ್ನು ಮೊದಲ ದಿನವೇ ಪೂರ್ತಿಯಾಗಿ ಹೇಳಿದೆ. ಕೆಂಪು ದೀಪ ಹತ್ತುವಾಗ ಈಗಲೂ ಆ ಸಂಜೆ ನೆನಪಾಗುತ್ತದೆ. ತುಟಿ ಮುಚ್ಚಿ ಅಮ್ಮನನ್ನು ನೆನೆಯುತ್ತೇನೆ, ಆಮೇಲೆ ಬಾಯಿ ತೆರೆಯುತ್ತೇನೆ.

ಸ್ವರ ಬಂದ ಮೇಲಿನ ಮೊದಲ ಶುಕ್ರವಾರ ಅತ್ತೆಯೊಂದಿಗೆ ಅದೇ ಬಸದಿಗೆ ಹೋಗಿದ್ದೆ. ಇಂದ್ರರು ಅಲಂಕಾರ ಮಾಡಿ ಪಕ್ಕಕ್ಕೆ ಸರಿದರು. ನಾನು ಕೈಮುಗಿದು ತಲೆ ತಗ್ಗಿಸಿ ನಿಂತೆ. ಹೊರಗೆ ಬಂದು ಮೆಟ್ಟಿಲು ಇಳಿಯುವಾಗ ಅತ್ತೆ ಕೇಳಿದರು.

"ಹೂ ಬಿತ್ತಾ?"

"ನಾನು ನೋಡ್ಲಿಲ್ಲ ಅತ್ತೆ."

"ಎಂತ ಕೇಳಿದಿ ಅಮ್ಮನ ಹತ್ರ?"

"ಏನೂ ಕೇಳ್ಲಿಲ್ಲ. ಸುಮ್ಮನೆ ನಿಂತಿದ್ದೆ."

ಅತ್ತೆ ನನ್ನ ಕೈ ಹಿಡಿದು ಇನ್ನೊಂದು ಮೆಟ್ಟಿಲು ಇಳಿದರು. "ಈಗ ಕಲಿತಿ ನೋಡು ಪ್ರಾರ್ಥನೆ ಮಾಡ್ಲಿಕ್ಕೆ" ಎಂದರು.