ಪುಟ್ಟ ಎಂಜಿನ್ನಿಗೆ ಯಾವ ಎಣ್ಣೆ

ರೋಣದ ಹತ್ತಿ ಜಿನ್ನಿನಲ್ಲಿ, ಅಂದರೆ ಹತ್ತಿಯಿಂದ ಬೀಜ ಬಿಡಿಸುವ ಗಿರಣಿಯಲ್ಲಿ, ಫಿಟ್ಟರ್ ಅವರು. ಯಾರು ಏನೇ ಹೇಳಲಿ, ಅರಿವೆಗೆ ಕೈ ಒರೆಸಿಕೊಳ್ಳುತ್ತ ಕೇಳುತ್ತಿದ್ದರು: "ನೋಡಿ ಹೇಳಾಕತ್ತೀರೋ, ಅಂದಾಜಲೆ ಹೇಳಾಕತ್ತೀರೋ?" ಜಿನ್ನಿನ ಮಾಲಕರನ್ನೂ ಬಿಟ್ಟವರಲ್ಲ. ನನ್ನನ್ನು ಮಾತ್ರ ಎಂದೂ ಹಾಗೆ ಕೇಳಲಿಲ್ಲ. ನಾನು ಹೈಸ್ಕೂಲಿನ ವಿಜ್ಞಾನದ ಮಾಸ್ತರ.

ಐವತ್ತರ ದಶಕದ ಮಾತು. ಗಜೇಂದ್ರಗಡದ ವ್ಯಾಪಾರಿಯೊಬ್ಬರು ಮುಂಬಯಿಯ ಹಳೆ ಸಾಮಾನಿನ ಬಜಾರದಿಂದ ತಂದ ಆಟಿಕೆ ವಿಮಾನದ ಎಂಜಿನ್ನು ಈ ಫಿಟ್ಟರ್ ಕೈಗೆ ಬಂತು. ನಿಂಬೆಹಣ್ಣಿನಷ್ಟಿತ್ತು. ಜೊತೆಗೆ ಒಂದು ಚೀಟಿಯೂ ಇರಲಿಲ್ಲ. ನರಗುಂದದ ಮೋಟಾರು ರಿಪೇರಿಯವರಿಗೂ ಅದರ ಗುಟ್ಟು ಗೊತ್ತಿರಲಿಲ್ಲ.

"ಇದಕ್ಕ ಯಾವ ಎಣ್ಣಿ ಹಾಕಬೇಕ್ರಿ, ಮಾಸ್ತರ?"

ಗೊತ್ತಿಲ್ಲ ಎನ್ನಲು ನನಗೆ ಬಾಯಿ ಬರಲಿಲ್ಲ. "ಪೆಟ್ರೋಲ್" ಎಂದುಬಿಟ್ಟೆ.

ತಿಂಗಳುಗಟ್ಟಲೆ ಅದರ ಪಂಖ ತಿರುವಿ ತಿರುವಿ ಅವರ ತೋರುಬೆರಳು ಸೀಳಿತು. ಎಂಜಿನ್ನು ಒಮ್ಮೆಯೂ ಕೆಮ್ಮಲಿಲ್ಲ. "ನೀವು ಹೇಳಿದ ಎಣ್ಣಿ ತಪ್ಪಿರಂಗಿಲ್ರಿ. ನನ್ನ ಕೈಯಾಗ ಏನೋ ತಪ್ಪೈತಿ" ಎಂದರು. ಕೊನೆಗೆ ಬಿಗಿ ಹೆಚ್ಚಾಗಿದೆಯೆಂದು ಪಿಸ್ಟನ್ನನ್ನೇ ಉಜ್ಜಿ ಸಣ್ಣ ಮಾಡಿದರು.

ಮರುವರ್ಷ ಧಾರವಾಡದಲ್ಲಿ ಒಂದು ಹಳೆ ಪತ್ರಿಕೆಯಲ್ಲಿ ಅಂಥದೇ ಎಂಜಿನ್ನಿನ ಚಿತ್ರ ಕಂಡೆ. ಅದಕ್ಕೆ ಬೇಕಾದದ್ದು ಈಥರ್, ಚಿಮಣಿ ಎಣ್ಣೆ, ಹರಳೆಣ್ಣೆಯ ಮಿಶ್ರಣ. ಮೂರೂ ರೋಣದಲ್ಲೇ ಇದ್ದವು: ದವಾಖಾನೆಯಲ್ಲಿ, ಅಂಗಡಿಯಲ್ಲಿ, ನನ್ನದೇ ಅಡುಗೆಮನೆಯಲ್ಲಿ.

ಊರಿಗೆ ಬಂದವನೇ ಜಿನ್ನಿಗೆ ಹೋಗಿ ಹೇಳಿದೆ. ಅವರು ಎಂಜಿನ್ನು ತೆಗೆದು ಪಂಖ ತಿರುವಿ ತೋರಿಸಿದರು. ಸವೆದ ಪಿಸ್ಟನ್ನು ಒಂಚೂರೂ ತಡೆಯಿಲ್ಲದೆ ತಿರುಗಿತು. ಒಳಗೆ ಗಾಳಿಯ ಒತ್ತಡವೇ ಹುಟ್ಟದ ಮೇಲೆ ಇನ್ನು ಯಾವ ಎಣ್ಣೆ ಹಾಕಿದರೂ ಅದು ಹೊತ್ತುವಂತಿರಲಿಲ್ಲ.

ಆಮೇಲೆ ಅರಿವೆ ತೆಗೆದುಕೊಂಡು ನಿಧಾನಕ್ಕೆ ಕೈ ಒರೆಸಿಕೊಂಡರು.

"ಇದನ್ನ ನೋಡಿ ಹೇಳಾಕತ್ತೀರೋ, ಮಾಸ್ತರ, ಅಂದಾಜಲೆ ಹೇಳಾಕತ್ತೀರೋ?"