ಅವ್ವನ ಒಡಪು ನುಂಗಿದ ಹಾರ್ಡ್ ಡಿಸ್ಕ್

ನಮ್ಮ ಮನೆಯ ಫ್ರೀಜರಿನಲ್ಲಿ ಒಮ್ಮೆ ಬಟಾಣಿ ಪಾಕೀಟಿನ ಪಕ್ಕ ಹಾರ್ಡ್ ಡಿಸ್ಕ್ ಮಲಗಿತ್ತು. ನಗಬೇಡಿ. ಪೆನ್ ಡ್ರೈವನ್ನು ತಾಯತದ ಹಾಗೆ ಕೊರಳಿಗೆ ಹಾಕಿಕೊಂಡು ಓಡಾಡುತ್ತಿದ್ದ ಆ ವರ್ಷಗಳಲ್ಲಿ ಇದೂ ಒಂದು ಚಿಕಿತ್ಸೆಯಾಗಿತ್ತು.

ಲ್ಯಾಪ್‌ಟಾಪ್ ಮೊದಲು ಟಕ್ ಟಕ್ ಅಂತು. ಆಮೇಲೆ ಸ್ಕ್ರೀನ್ ನೀಲಿಯಾಯಿತು. ನಾವಿದ್ದ ಹಡಪಸರದ ರಿಪೇರಿ ಅಂಗಡಿಯವ ಡಿಸ್ಕನ್ನು ಕಿವಿಗೆ ಹಿಡಿದು ನೋಡಿ, ಆಸೆ ಬಿಡಿ ಅಂತ ಮರಾಠಿಯಲ್ಲಿ ಹೇಳಿದ. ಆಫೀಸಿನ ಗೆಳೆಯ ಮಾತ್ರ, 'ಪ್ಲಾಸ್ಟಿಕ್ಕಿನಾಗ ಸುತ್ತಿ ಫ್ರೀಜರಿನಾಗ ಇಡ್ರಿ, ಒಮ್ಮೊಮ್ಮೆ ಸ್ವಲ್ಪ ಹೊತ್ತು ಓಡತದ' ಅಂದ. ಮುಳುಗುವವನಿಗೆ ಹುಲ್ಲುಕಡ್ಡಿ ಆಸರೆ.

ಅದರಲ್ಲೇನು ಬಂಗಾರವಿತ್ತು ಅಂತೀರಾ? ಆಫೀಸಿನ ಫೈಲು ಹಾಳಾಗಿ ಹೋಗಲಿ. ತಂಗಿಯ ಮದುವೆಯಲ್ಲಿ ಡಿಜಿಟಲ್ ಕ್ಯಾಮೆರಾದಲ್ಲಿ ಹಿಡಿದ ಸಣ್ಣದೊಂದು ವಿಡಿಯೋ ಇತ್ತು. ಅದರಲ್ಲಿ ಅವ್ವ ಒಡಪು ಹೇಳಿದ್ದಳು.

ನಮ್ಮ ಕಡೆ ಹೆಂಗಸರು ಗಂಡನ ಹೆಸರನ್ನು ಸುಮ್ಮಸುಮ್ಮನೆ ಹೇಳುವವರಲ್ಲ. ಮದುವೆಯಲ್ಲೋ ಬಸುರಿಯ ಕುಬಸದಲ್ಲೋ ಎಲ್ಲರೂ ಗಂಟುಬಿದ್ದರೆ ಪ್ರಾಸದ ಎರಡು ಸಾಲು ಕಟ್ಟಿ, ಅದರೊಳಗೆ ಹೆಸರು ಸೇರಿಸುತ್ತಾರೆ. ಅದೇ ಒಡಪು. (ಉಳಿದ ದಿನ ಅಪ್ಪ ಬರೀ 'ಇವರು'.) ಅವತ್ತು ಅವ್ವ ಹೇಳುವಾಗ ಅಪ್ಪ ಕೇಳಿಯೂ ಕೇಳದವರಂತೆ ಎಲೆ ಅಡಿಕೆ ತಟ್ಟೆ ಹುಡುಕುತ್ತಿದ್ದರು. ಅದೂ ವಿಡಿಯೋದಲ್ಲಿ ಬಂದಿತ್ತು.

ಅಪ್ಪ ತೀರಿಕೊಂಡರು. ಅರಿಷಿಣ ಕುಂಕುಮಕ್ಕೇ ಕರೆಯದ ಜನ ಅವ್ವನಿಗೆ ಒಡಪು ಹೇಳು ಅಂತಾರೆಯೇ? ಅವಳ ಬಾಯಲ್ಲಿ ಅಪ್ಪನ ಹೆಸರು ಉಳಿದಿದ್ದು ಆ ಡಿಸ್ಕಿನಲ್ಲಷ್ಟೇ.

ಮರುದಿನ ಫ್ರೀಜರಿನಿಂದ ತೆಗೆದು ಜೋಡಿಸಿದೆ. ತಿರುಗಿತು. ಫೋಲ್ಡರ್ ಕಂಡಿತು. ವಿಡಿಯೋ ಮೇಲೆ ಕ್ಲಿಕ್ ಮಾಡಿದೆ. ಟಕ್. ಕಥೆ ಮುಗಿಯಿತು. ನನಗೆ ಅಳುವೇ ಬಂತು, ಸುಳ್ಳು ಯಾಕೆ ಹೇಳಲಿ?

ಸೇಂಗಾ ಸುಲಿಯುತ್ತ ಕೂತಿದ್ದ ಅವ್ವ ತಲೆಯೆತ್ತಿದಳು. 'ಅಂಥಾದ್ದೇನು ಹೋತೋ ಅದರಾಗ?'

'ನಿನ್ನ ಒಡಪು.'

ಅವ್ವ ಸೇಂಗಾದ ಮೊರ ಪಕ್ಕಕ್ಕೆ ಸರಿಸಿ ಸೆರಗು ಹೊದ್ದುಕೊಂಡಳು.

'ಕಾತ್ರಜ ಘಾಟ ದಾಟಿ ಬಂತು ಬಸ್ಸು, ಶ್ರೀನಿವಾಸರಾಯರ ಮ್ಯಾಲೇ ನನ್ನ ಮನಸ್ಸು.'

ಅದೇ ನಾಚಿಕೆ. ಹೆಸರು ಬಂದಾಗ ಅದೇ ತಗ್ಗಿದ ದನಿ. ನಾನು ಕಕ್ಕಾಬಿಕ್ಕಿ.

'ಅವ್ವಾ, ಈಗ ನೀ ಇದನ್ನ ಹೇಳಬಾರದು ಅಲ್ಲೇನು?'

'ಹಂಗಂತ ನಾ ಯಾವಾಗ ಅಂದೆ? ಅವರು ಹೋದ ಮ್ಯಾಲೆ ನೀವು ಒಬ್ಬರಾದ್ರೂ ಕೇಳೀರೇನು?'